ಹೊಸ ಪುಸ್ತಕ ಬಂತಾ? ಓದುವ ಗೆಳೆಯರಿಗೆ ತೋರಿಸುವುದು ಹೀಗೆ

ಎರಡು ವರ್ಷದ ಹಿಂದಿನ ಮಾತು. ನಮ್ಮ ಓದುಗರ ವಾಟ್ಸಾಪ್ ಗುಂಪಿಗೆ ಒಂದು ಮುಖಪುಟದ ಫೋಟೋ ಹಾಕಿ, ಕೆಳಗೆ ‘ಹೊಸ ಪುಸ್ತಕ ಬಂತು’ ಎಂದು ಬರೆದಿದ್ದೆ. ಮೂವತ್ತು ಮಂದಿ ಹೆಬ್ಬೆರಳು ಒತ್ತಿದರು. ಸಂಜೆ ಕಿನ್ನಿಗೋಳಿಯಿಂದ ನಿವೃತ್ತ ಮಾಷ್ಟ್ರೊಬ್ಬರ ಫೋನ್ ಬಂತು.

‘ಅಮ್ಮ, ಪುಸ್ತಕ ನೋಡಿದೆ. ಎಷ್ಟು ಪುಟ ಉಂಟು? ಪ್ರಕಾಶಕರು ಯಾರು? ಮಂಗಳೂರಲ್ಲಿ ಎಲ್ಲಿ ಸಿಗ್ತದೆ? ಅಕ್ಷರ ಸ್ವಲ್ಪ ದೊಡ್ಡದುಂಟಾ?’

‘ಹೇಳ್ತೇನೆ ಮಾಷ್ಟ್ರೇ, ಒಂದು ನಿಮಿಷ’ ಎಂದು ಪುಸ್ತಕ ತೆಗೆದು ನೋಡುತ್ತಾ ಹೇಳಿದೆ. ನಾಲ್ಕು ಪ್ರಶ್ನೆಗೂ ಉತ್ತರ ಆ ಪುಸ್ತಕದಲ್ಲೇ ಇತ್ತು. ಫೋಟೋ ನೋಡಿದ ಮೂವತ್ತು ಮಂದಿಗೆ ಮಾತ್ರ ಒಂದೂ ಸಿಕ್ಕಿರಲಿಲ್ಲ.

ಮಂಗಳೂರಿನ ಬಲ್ಮಠದಲ್ಲಿ ಅತ್ರಿ ಬುಕ್ ಸೆಂಟರ್ ಇದ್ದಾಗ ಹೀಗೆ ಕೇಳುವ ಪ್ರಮೇಯವೇ ಇರಲಿಲ್ಲ. ಹೋಗಿ ನಿಂತರೆ ಹೊಸ ಪುಸ್ತಕವನ್ನು ಕೈಯಲ್ಲೇ ಹಿಡಿದು, ತಿರುಗಿಸಿ, ಎರಡು ಪುಟ ಓದಿ, ಬೇಕಾ ಬೇಡವಾ ಎಂದು ಅಲ್ಲೇ ತೀರ್ಮಾನಿಸಬಹುದಿತ್ತು. 2012ರಲ್ಲಿ ಆ ಅಂಗಡಿ ಮುಚ್ಚಿತು. ಇವತ್ತಿಗೂ ನಮ್ಮಲ್ಲಿ ಒಳ್ಳೆಯ ಪುಸ್ತಕದಂಗಡಿಗಳಿವೆ. ಆದರೆ ಬೈಂದೂರಿನಲ್ಲೋ ಬೆಳ್ತಂಗಡಿಯಲ್ಲೋ ಇರುವವರು ವಾರಕ್ಕೊಮ್ಮೆ ಮಂಗಳೂರಿನ ಹಂಪನಕಟ್ಟೆಗೆ ಬರಲಾದೀತಾ? ಅವರಿಗೆ ನಮ್ಮ ಫೋಟೋ ಮತ್ತು ನಾಲ್ಕು ಸಾಲೇ ಅಂಗಡಿಯ ಮೇಜು. ಹಾಗಾಗಿ ಪುಸ್ತಕವನ್ನು ಕೈಯಲ್ಲಿ ಹಿಡಿದವರಿಗೆ ಏನೇನು ಗೊತ್ತಾಗುತ್ತದೋ ಅಷ್ಟನ್ನೂ ದೂರ ಕೂತವರಿಗೆ ಮುಟ್ಟಿಸಬೇಕು. ನಾನು ಮಾಡುವ ರೀತಿಯನ್ನು ಮೊದಲಿಂದ ಹೇಳುತ್ತೇನೆ.

ಹಾಕುವ ಮೊದಲು ಪುಟ ಎಣಿಸಿ

ಪಾರ್ಸೆಲ್ ಬಿಚ್ಚಿದ ಖುಷಿಯಲ್ಲಿ ಎಲ್ಲರೂ ಮೊದಲು ಫೋಟೋ ತೆಗೆಯುತ್ತಾರೆ. ಸ್ವಲ್ಪ ತಡೆಯಿರಿ. ಪುಸ್ತಕ ಸರಿ ಇದೆಯಾ ನೋಡಿ.

ನಮ್ಮ ಕನ್ನಡ ಪುಸ್ತಕಗಳಲ್ಲಿ ಜಾಸ್ತಿ ಬರುವುದು ಡೆಮಿ 1/8 ಅಳತೆ. ಇದರಲ್ಲಿ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಮಾಡಿ, ಮಡಚಿ, ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಬೈಂಡ್ ಮಾಡುತ್ತಾರೆ. ಜೋಡಿಸುವಾಗ ಕೈ ತಪ್ಪಿದರೆ ಒಂದಿಡೀ ಫಾರಂ ಬಿಟ್ಟುಹೋಗಬಹುದು, ಎರಡು ಸಲ ಬರಬಹುದು, ತಲೆಕೆಳಗಾಗಿಯೂ ಕೂರಬಹುದು. ಒಂದೆರಡು ಪುಟ ಹೋಗುವುದು ಕಡಿಮೆ, ಹೋದರೆ ಹದಿನಾರೂ ಒಟ್ಟಿಗೆ ಹೋಗುತ್ತವೆ.

ನನಗೆ ಹಾಗೇ ಆಯಿತು. ಒಂದು ಕಾದಂಬರಿಯ ಬಗ್ಗೆ ಗುಂಪಿನಲ್ಲಿ ಉತ್ಸಾಹದಿಂದ ಬರೆದೆ, ಅದನ್ನು ನಂಬಿ ಏಳೆಂಟು ಮಂದಿ ತರಿಸಿಕೊಂಡರು. ಆಮೇಲೆ ಓದುತ್ತಾ ಹೋದರೆ 64ನೇ ಪುಟದ ಎದುರಿಗೆ 81. ತಾಯಿ ಬಾಗಿಲು ತೆಗೆಯುವುದಕ್ಕೂ ಮಗ ಊರು ಬಿಟ್ಟು ಹೋಗುವುದಕ್ಕೂ ನಡುವೆ ಏನಾಯಿತೋ ಗೊತ್ತೇ ಇಲ್ಲ. ವಿಚಾರಿಸಿದರೆ ತರಿಸಿಕೊಂಡವರಲ್ಲಿ ಇನ್ನಿಬ್ಬರ ಪ್ರತಿಯೂ ಹಾಗೇ ಇತ್ತು. ಪ್ರಕಾಶಕರು ಬೇರೆ ಪ್ರತಿ ಕಳಿಸಿಕೊಟ್ಟರು, ಆದರೆ ಅದಕ್ಕೆ ಮೂರು ವಾರ ಹಿಡಿಯಿತು. ಅಂದಿನಿಂದ ಪುಟಸಂಖ್ಯೆಯ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಪೂರ್ತಿ ಹಾರಿಸಿ ನೋಡದೆ ಯಾವ ಪುಸ್ತಕವನ್ನೂ ನಾನು ಗುಂಪಿಗೆ ಹಾಕುವುದಿಲ್ಲ. ಎರಡು ನಿಮಿಷದ ಕೆಲಸ. ಹಾಗೇ ಮಸಿ ಹರಡಿದ ಪುಟ, ಖಾಲಿ ಪುಟ, ಬಿಟ್ಟುಕೊಂಡ ಅಂಟು ಕೂಡ ಕಣ್ಣಿಗೆ ಬೀಳುತ್ತವೆ.

ಮಳೆಗಾಲದ ಪಾರ್ಸೆಲ್ ಆದರೆ ಇನ್ನೊಂದು ಕೆಲಸ ಉಂಟು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಬಂದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಡಬೇಡಿ, ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಫ್ಯಾನಿನ ಕೆಳಗೆ, ಪುಟ ಸ್ವಲ್ಪ ಬಿಡಿಸಿ, ಅರ್ಧ ದಿನ ನಿಲ್ಲಿಸಿಡಿ. ಬಿಸಿಲು ಬಂತೆಂದು ಅಂಗಳದಲ್ಲಿ ಹಾಕಿದರೆ ಮುಖಪುಟ ಸುರುಟಿಕೊಳ್ಳುತ್ತದೆ.

ನಾಲ್ಕು ಫೋಟೋ ಸಾಕು

ಮುಖಪುಟ, ಬೆನ್ನುಡಿ ಇರುವ ಹಿಂಬದಿ, ಪ್ರಕಾಶನದ ವಿವರ ಇರುವ ಒಳಪುಟ, ಮತ್ತೆ ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟ. ದಪ್ಪ ಪುಸ್ತಕವಾದರೆ ಅದರ ಬೆನ್ನನ್ನೂ ಸೇರಿಸುತ್ತೇನೆ. ಅಂಗಡಿಯ ಕಪಾಟಿನಲ್ಲಿ ಹುಡುಕುವವರಿಗೆ ಮೊದಲು ಕಾಣುವುದು ಬೆನ್ನೇ ಅಲ್ವಾ?

ಮುಖಪುಟದ ದೊಡ್ಡ ತೊಂದರೆ ಲ್ಯಾಮಿನೇಶನ್ ಹೊಳಪು. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಪುಸ್ತಕದ ಹೆಸರಿನ ಮೇಲೆಯೇ ಒಂದು ಬಿಳಿ ಪಟ್ಟೆ ಬರುತ್ತದೆ. ಲೈಟ್ ಆರಿಸಿ, ಫ್ಲ್ಯಾಶ್ ಬೇಡ, ಪುಸ್ತಕವನ್ನು ಚಾವಡಿಯ ಅಥವಾ ಕಿಟಕಿಯ ಬಳಿ ನೆಲದ ಮೇಲಿಡಿ. ಬೆಳಕು ಪಕ್ಕದಿಂದ ಬರಲಿ. ಫೋನನ್ನು ನೇರ ಮೇಲಿಂದ, ಪುಸ್ತಕಕ್ಕೆ ಸಮವಾಗಿ ಹಿಡಿಯಿರಿ. ಇಲ್ಲದಿದ್ದರೆ ಪುಸ್ತಕ ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಕಾಣುತ್ತದೆ. ನಮ್ಮ ಮನೆಯದು ಕೆಂಪು ನೆಲ, ಹೆಚ್ಚಿನ ಮುಖಪುಟಗಳು ಅದರ ಮೇಲೆ ಚೆನ್ನಾಗಿ ಎದ್ದು ಕಾಣುತ್ತವೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬೆಳಕಿಗೇ ಬರ. ಹನ್ನೊಂದು ಗಂಟೆಯಿಂದ ಎರಡರೊಳಗೆ ಮುಗಿಸಿಬಿಡುವುದು ಒಳ್ಳೆಯದು.

ನಡುವಿನ ಪುಟದ ಫೋಟೋ ತೆಗೆಯುವಾಗ ಪುಟದ ಖಾಲಿ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯ ಇಡುತ್ತೇನೆ. ಇದು ಮಾಷ್ಟ್ರ ಫೋನಿನಿಂದ ಕಲಿತದ್ದು. ನಾಣ್ಯ ಪಕ್ಕದಲ್ಲಿದ್ದರೆ ಅಕ್ಷರ ಎಷ್ಟು ದೊಡ್ಡದು, ಸಾಲುಗಳ ನಡುವೆ ಎಷ್ಟು ಜಾಗ ಇದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಗುಂಪಿನಲ್ಲಿ ಅರವತ್ತು ದಾಟಿದವರು ತುಂಬ ಇದ್ದಾರೆ. ಬೆಲೆಗಿಂತ ಮೊದಲು ಅವರು ಈ ಫೋಟೋವನ್ನೇ ದೊಡ್ಡದು ಮಾಡಿ ನೋಡುತ್ತಾರೆ. ಕತೆಯ ಗುಟ್ಟು ಬಿಟ್ಟುಕೊಡುವ ಪುಟ ಮಾತ್ರ ಬೇಡ.

ವಾಟ್ಸಾಪ್ ಫೋಟೋದ ಗುಣಮಟ್ಟ ಇಳಿಸಿ ಕಳಿಸುತ್ತದೆ. ಕಳಿಸುವ ಮುನ್ನ ಮೇಲೆ ಕಾಣುವ ‘ಎಚ್‌ಡಿ’ ಒತ್ತಿ. ಇಲ್ಲದಿದ್ದರೆ ಒಳಪುಟದ ಸಣ್ಣ ಅಕ್ಷರ ಓದಲು ಬರುವುದಿಲ್ಲ.

ಪ್ರಕಾಶನದ ಪುಟವನ್ನು ಓದಿ, ಟೈಪ್ ಮಾಡಿ

ನನಗೆ ಅತಿ ಮುಖ್ಯ ಅನ್ನಿಸುವ ಹೆಜ್ಜೆ ಇದು. ಜಾಸ್ತಿ ಜನ ಬಿಡುವುದೂ ಇದನ್ನೇ.

ಶೀರ್ಷಿಕೆ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಪುಟ ಇರುತ್ತದೆ. ಪುಸ್ತಕದ ಹೆಸರು, ಲೇಖಕರು, ಯಾವ ಮುದ್ರಣ, ಯಾವ ವರ್ಷ, ಎಷ್ಟು ಪುಟ, ಬೆಲೆ, ಹಕ್ಕು ಯಾರದ್ದು, ಮುಖಪುಟ ಯಾರದ್ದು, ಎಲ್ಲಿ ಅಚ್ಚಾಯಿತು ಎಲ್ಲ ಅಲ್ಲಿ ಸಿಗುತ್ತದೆ. ಎಷ್ಟೋ ಕನ್ನಡ ಪುಸ್ತಕಗಳಲ್ಲಿ ‘70 ಜಿಎಸ್‌ಎಂ ಮ್ಯಾಪ್‌ಲಿಥೋ’ ಎಂದು ಕಾಗದದ ವಿವರವೂ, ‘ಪ್ರತಿಗಳು: 1000’ ಎಂದು ಎಷ್ಟು ಅಚ್ಚು ಹಾಕಿದ್ದಾರೆ ಎಂಬ ಲೆಕ್ಕವೂ ಇರುತ್ತದೆ. ಆ ಪ್ರತಿಗಳ ಲೆಕ್ಕ ನೋಡಿದಾಗಲೆಲ್ಲ ನನಗೆ ಒಂಥರಾ ಅನ್ನಿಸುತ್ತದೆ. ಸಾವಿರ, ಕೆಲವೊಮ್ಮೆ ಐನೂರು. ಇಡೀ ಕರ್ನಾಟಕಕ್ಕೆ ಅಷ್ಟೇ. ಮರುಮುದ್ರಣ ಆಗದಿದ್ದರೆ ಹತ್ತು ವರ್ಷದ ನಂತರ ಹುಡುಕುವವರಿಗೆ ಇಂಥದ್ದೊಂದು ಪುಸ್ತಕ ಇತ್ತು ಎಂದು ಹೇಳುವುದು ನಾವು ಬರೆದಿಟ್ಟ ಆ ನಾಲ್ಕು ಸಾಲು ಮಾತ್ರ ಆಗಬಹುದು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟ್ಟೆಲ್ ನಿಘಂಟಿನ ಶೀರ್ಷಿಕೆ ಪುಟ ನೋಡಿ. ಊರು, ಪ್ರಕಾಶಕರು, ವರ್ಷ ಮೂರೂ ಇವೆ. ನೂರಮೂವತ್ತು ವರ್ಷ ಆದ ಮೇಲೂ ಅದು ಎಲ್ಲಿ, ಯಾವಾಗ ಬಂತೆಂದು ಯಾರನ್ನೂ ಕೇಳಬೇಕಾಗಿಲ್ಲ.

ಈ ವಿವರದ ಫೋಟೋ ಹಾಕಿದರೆ ಸಾಲದು, ಟೈಪ್ ಮಾಡಿಯೂ ಹಾಕಿ. ಗುಂಪಿನಲ್ಲಿ ಹುಡುಕಿದರೆ ಫೋಟೋದೊಳಗಿನ ಅಕ್ಷರ ಸಿಗುವುದಿಲ್ಲ, ಟೈಪ್ ಮಾಡಿದ ಅಕ್ಷರ ಸಿಗುತ್ತದೆ. ಟೈಪ್ ಮಾಡುವಾಗ ನಾನು ನೋಡಿಕೊಳ್ಳುವುದು ಇಷ್ಟು:

ಎಲ್ಲ ಫೋನು, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಫೋನಿನ ಕೀಬೋರ್ಡ್‌ನಲ್ಲಿ ಬರುವುದು ಯೂನಿಕೋಡೇ. ಲೇಖಕರೋ ಪ್ರಕಾಶಕರೋ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಕಳಿಸಿದರೆ ಹಾಗೇ ಅಂಟಿಸಬೇಡಿ, ಓದುವವರಿಗೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ, ತಪ್ಪಾಗುವುದು ಅಲ್ಲೇ.

ಪುಸ್ತಕದ ಹೆಸರು ಮತ್ತು ಲೇಖಕರ ಹೆಸರನ್ನು ಒಮ್ಮೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಕನ್ನಡ ಚೆನ್ನಾಗಿ ಓದುವವರಲ್ಲೂ ಎಷ್ಟೋ ಮಂದಿ ಹುಡುಕುವಾಗ ಇಂಗ್ಲಿಷಿನಲ್ಲಿ ಹೊಡೆಯುತ್ತಾರೆ.

ಭಾಷೆ ಯಾವುದೆಂದು ಹೇಳಲೇಬೇಕು. ನಮ್ಮ ಕಡೆ ಇದು ತುಂಬ ಮುಖ್ಯ. ಕನ್ನಡ ಲಿಪಿಯಲ್ಲಿ ಅಚ್ಚಾದದ್ದೆಲ್ಲ ಕನ್ನಡ ಪುಸ್ತಕ ಆಗಬೇಕೆಂದಿಲ್ಲ. ತುಳು, ಕೊಂಕಣಿ, ಬ್ಯಾರಿ ಮೂರಕ್ಕೂ ಮಂಗಳೂರಿನಲ್ಲೇ ಅಕಾಡೆಮಿಗಳಿವೆ, ಮೂರರಲ್ಲೂ ಕನ್ನಡ ಲಿಪಿಯ ಪುಸ್ತಕಗಳು ಬರುತ್ತವೆ. ಮುಖಪುಟ ನೋಡಿ ಕನ್ನಡ ಎಂದುಕೊಂಡು ತರಿಸಿ, ಬಿಡಿಸಿದರೆ ಕೊಂಕಣಿ ಆಗಿದ್ದರೆ ಓದುವವರಿಗೂ ಬೇಸರ, ಪುಸ್ತಕಕ್ಕೂ ಸರಿಯಾದ ಓದುಗರು ಸಿಗುವುದಿಲ್ಲ. ಕುಂದಾಪ್ರ ಕನ್ನಡದಲ್ಲೋ ಹವ್ಯಕದಲ್ಲೋ ಇದ್ದರೆ ಅದನ್ನೂ ಬರೆಯಿರಿ. ‘ನಮ್ಮ ಭಾಷೆಯದ್ದು’ ಎಂದು ಹುಡುಕಿ ಓದುವವರು ಇದ್ದಾರೆ.

ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಸಂಖ್ಯೆ) ಇದ್ದರೆ ಸೇರಿಸಿ. 2007ರಿಂದ ಅದು 13 ಅಂಕಿ. ಭಾರತದ ಪುಸ್ತಕವಾದರೆ ಹೆಚ್ಚಾಗಿ 978-81 ಅಥವಾ 978-93ರಿಂದ ಶುರುವಾಗುತ್ತದೆ. ತಪ್ಪಿಲ್ಲದೆ ಬರೆದಿದ್ದೀರಾ ಎಂದು ನೋಡಲು ಒಂದು ಲೆಕ್ಕ ಇದೆ: ಎಡದಿಂದ ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1ರಿಂದ, 3ರಿಂದ ಹೀಗೆ ಕೊನೆಯವರೆಗೆ ಗುಣಿಸಿ ಎಲ್ಲ ಕೂಡಿಸಿ. ಮೊತ್ತದ ಕೊನೆಗೆ ಸೊನ್ನೆ ಬಂದರೆ ಸರಿ. ಸಣ್ಣ ಪ್ರಕಾಶನಗಳ ಎಷ್ಟೋ ಒಳ್ಳೆಯ ಪುಸ್ತಕಗಳಿಗೆ ಈ ಸಂಖ್ಯೆಯೇ ಇರುವುದಿಲ್ಲ. ಅದಿಲ್ಲವೆಂದು ಯಾವ ಪುಸ್ತಕವನ್ನೂ ಬಿಡಬೇಡಿ.

ಓದಿದ್ದೆಷ್ಟು, ನೋಡಿದ್ದೆಷ್ಟು

ಪುಸ್ತಕ ಬಂದ ದಿನವೇ ‘ಅದ್ಭುತ, ಎಲ್ಲರೂ ಓದಲೇಬೇಕು’ ಎಂದು ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ. ಓದದೆ ಹೊಗಳಿದರೆ ಗೆಳೆಯರ ದುಡ್ಡಿಗೂ ಸಮಯಕ್ಕೂ ಅನ್ಯಾಯ ಮಾಡಿದ ಹಾಗೆ. ಹಾಗಂತ ಪೂರ್ತಿ ಓದಿ ಮುಗಿಸುವವರೆಗೆ ಕಾಯಬೇಕಾಗಿಯೂ ಇಲ್ಲ. ಎಷ್ಟು ಓದಿದ್ದೀರೋ ಅಷ್ಟನ್ನು ಹೇಳಿ. ಹೆಸರಿನ ಸಾಲು ಆದ ಮೇಲೆ ನನ್ನ ಟಿಪ್ಪಣಿ ಹೀಗಿರುತ್ತದೆ:

‘ಕನ್ನಡ. ಕಾದಂಬರಿ. ಮೊದಲ ಮುದ್ರಣ. 176 ಪುಟ, ಬೆಲೆ 200 ರೂಪಾಯಿ. ನಿನ್ನೆ ಬಂತು, ಪುಟ ಎಲ್ಲ ಸರಿ ಇದೆ. ಮುನ್ನುಡಿ ಮತ್ತು ಮೊದಲ 40 ಪುಟ ಓದಿದ್ದೇನೆ. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರ ಕತೆ. ಮಾತುಕತೆ ನಮ್ಮ ಕಡೆಯ ಕನ್ನಡ, ನಡುವೆ ತುಳು ಬರುತ್ತದೆ, ಅರ್ಥವನ್ನು ಅಡಿಯಲ್ಲಿ ಕೊಟ್ಟಿದ್ದಾರೆ. ಅಕ್ಷರ ಮಧ್ಯಮ ಗಾತ್ರ. ನಾನು ದುಡ್ಡು ಕೊಟ್ಟು ತರಿಸಿದ್ದು. ಪ್ರಕಾಶಕರ ಬಳಿ ಸಿಗುತ್ತದೆ, ಮಂಗಳೂರಿನ ಅಂಗಡಿಗೆ ಮುಂದಿನ ವಾರ ಬರುತ್ತದಂತೆ.’

ದುಡ್ಡು ಕೊಟ್ಟದ್ದೋ, ಲೇಖಕರು ಪ್ರೀತಿಯಿಂದ ಕಳಿಸಿದ್ದೋ ಎಂಬ ಸಾಲನ್ನು ಬಿಡಬೇಡಿ. ಲೇಖಕರು ಪರಿಚಯದವರಾಗಿದ್ದರೆ ಅದನ್ನೂ ಹೇಳಿ. ನಮ್ಮದು ಸಣ್ಣ ಊರು, ಬರೆಯುವವರು ಓದುವವರು ಒಂದಲ್ಲ ಒಂದು ರೀತಿ ಪರಿಚಯದವರೇ. ಮೊದಲೇ ಹೇಳಿಬಿಟ್ಟರೆ ಯಾರಿಗೂ ಸಂಶಯ ಉಳಿಯುವುದಿಲ್ಲ.

ಬೆನ್ನುಡಿಯನ್ನು ಪೂರ್ತಿ ಟೈಪ್ ಮಾಡಬೇಕಾಗಿಲ್ಲ, ಅದರ ಫೋಟೋ ಇದೆಯಲ್ಲ.

ಎಲ್ಲ ಟಿಪ್ಪಣಿಯ ಮೊದಲಿಗೆ ಒಂದೇ ಪದ ಇರಲಿ. ನಮ್ಮದು ‘ಹೊಸಪುಸ್ತಕ’, ನಡುವೆ ಜಾಗ ಬಿಡದೆ. ಹುಡುಕಿದರೆ ಹರಟೆ, ಹುಟ್ಟುಹಬ್ಬದ ಶುಭಾಶಯ ಎಲ್ಲ ಬದಿಗೆ ಸರಿದು ಪುಸ್ತಕಗಳು ಮಾತ್ರ ಸಾಲಾಗಿ ಬರುತ್ತವೆ.

ಪಿಡಿಎಫ್ ಕೇಳಿದರೆ

ಹೊಸ ಪುಸ್ತಕ ಹಾಕಿದ ಹತ್ತು ನಿಮಿಷದೊಳಗೆ ಯಾರಾದರೂ ‘ಪಿಡಿಎಫ್ ಇದೆಯಾ?’ ಎಂದು ಕೇಳುತ್ತಾರೆ. ಕೆಟ್ಟ ಉದ್ದೇಶದಿಂದ ಕೇಳುವವರು ಕಡಿಮೆ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಿಟ್ಟು ಮಾಡದೆ ವಿವರಿಸಿ.

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಲೇಖಕರು ಬದುಕಿದ್ದಾಗ ಪ್ರಕಟವಾದ ಪುಸ್ತಕದ ಹಕ್ಕು ಅವರ ಜೀವಮಾನವಿಡೀ ಇರುತ್ತದೆ. ಅವರು ತೀರಿಕೊಂಡ ಮೇಲೆ, ಮುಂದಿನ ಜನವರಿಯಿಂದ ಲೆಕ್ಕ ಹಾಕಿ ಇನ್ನೂ 60 ವರ್ಷ ಇರುತ್ತದೆ. ನಮ್ಮ ಕಡೆಯವರದ್ದೇ ಲೆಕ್ಕ ಹಾಕೋಣ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಬರಹದ ಹಕ್ಕಿನ ಅವಧಿ ಯಾವಾಗಲೋ ಮುಗಿದಿದೆ. ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರು ಇದ್ದಾಗ ಪ್ರಕಟವಾದದ್ದು 2024ರ ಜನವರಿಯಿಂದ ಎಲ್ಲರದ್ದು. ಕೋಟ ಶಿವರಾಮ ಕಾರಂತರು ಹೋದದ್ದು 1997ರಲ್ಲಿ, ಅವರ ಪುಸ್ತಕಗಳ ಹಕ್ಕು 2057ರ ಕೊನೆಯವರೆಗೆ ಇದೆ. ಹಾಗಾಗಿ ಕಾರಂತರ ಕಾದಂಬರಿಯ ಪಿಡಿಎಫ್ ಹಂಚುವಂತಿಲ್ಲ. ಹಕ್ಕು ಮುಗಿದ ಹಳೆಯ ಬರಹಗಳು ಬೇಕಾದವರಿಗೆ ಅಂಥವನ್ನು ಉಚಿತವಾಗಿ ಓದಲು ಕೊಡುವ ಕನ್ನಡ ವಿಕಿಸೋರ್ಸ್ ಜಾಲತಾಣ ತೋರಿಸಿ. ಒಂದು ಎಚ್ಚರಿಕೆ: ಹಳೆಯ ಕೃತಿಯ ಹೊಸ ಆವೃತ್ತಿಯಲ್ಲಿ ಸೇರಿಸಿದ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರಕ್ಕೆ ಬೇರೆ ಹಕ್ಕು ಇರುತ್ತದೆ. ಅನುವಾದಕ್ಕೂ ಹಾಗೇ.

ಪರಿಚಯ, ವಿಮರ್ಶೆಗಾಗಿ ಕೆಲವು ಸಾಲು ಎತ್ತಿ ಬರೆಯಲು ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಅದರ ಹೆಸರಿನಲ್ಲಿ ಇಡೀ ಅಧ್ಯಾಯ ಹಾಕುವುದು ಸರಿಯಲ್ಲ. ಕವನ ಸಂಕಲನದಲ್ಲಿ ಇನ್ನೂ ಹುಷಾರಾಗಿರಬೇಕು, ಒಂದು ಪುಟದ ಫೋಟೋ ಎಂದರೆ ಒಂದಿಡೀ ಕವನ ಹೋಯಿತು. ಕವಿಯನ್ನು ಕೇಳಿಯೇ ಹಾಕಿ. ನಾನು ಕೇಳಿದವರಲ್ಲಿ ಒಬ್ಬರೂ ಇಲ್ಲ ಎಂದಿಲ್ಲ.

ದುಡ್ಡು ಕೊಟ್ಟು ಕೊಳ್ಳಲು ಆಗದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಪಿಡಿಎಫ್ ಬೇಡ, ಪುಸ್ತಕವನ್ನೇ ಕೊಡಿ.

ಪುಸ್ತಕ ಕೈಯಿಂದ ಕೈಗೆ

ಓದಿ ಮುಗಿದ ಮೇಲೆ ‘ಓದಲು ಕೊಡುತ್ತೇನೆ, ಸಾಲು ಹಿಡಿಯಿರಿ’ ಎಂದು ಹಾಕಿ. ಬಂದ ಹೆಸರುಗಳನ್ನು ಬಂದ ಕ್ರಮದಲ್ಲೇ ಬರೆದಿಡಿ. ಒಬ್ಬರಿಗೆ ಮೂರು ವಾರ. ಮುಗಿದ ಮೇಲೆ ನನಗೆ ವಾಪಸ್ ಬರುವುದು ಬೇಡ, ಮುಂದಿನವರಿಗೆ ಹೋಗಲಿ. ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಸಾಕು.

ಉಡುಪಿ ಮಂಗಳೂರಿನ ನಡುವೆ ನಮಗೆ ಬಸ್ಸಿದೆ. ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ರಟ್ಟು ಕಟ್ಟಿ, ಹೆಸರು ಬರೆದು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿ. ಬಸ್ಸಿನ ಹೆಸರು, ಹೊರಟ ಹೊತ್ತು ತಿಳಿಸಿದರೆ ಆ ಕಡೆಯವರು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಕೊಟ್ಟದ್ದು ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪುತ್ತದೆ. ದೂರದ ಊರಿಗಾದರೆ ಅಂಚೆ. ಹಳೆಯ ಬುಕ್ ಪೋಸ್ಟ್ ನಿಂತುಹೋದ ಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಬಂದಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಭೂಮಾರ್ಗದಲ್ಲಿ ಹೋಗುವುದರಿಂದ ಸ್ವಲ್ಪ ನಿಧಾನ, ಆದರೆ ಎಲ್ಲಿದೆ ಎಂದು ನೋಡಬಹುದು. ಕೌಂಟರಿನಲ್ಲಿ ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಬೇರೆ ಪಾರ್ಸೆಲ್ ದರ ಹಾಕಿಬಿಡಬಹುದು.

ವಿಳಾಸವನ್ನು ಗುಂಪಿನಲ್ಲಿ ಹಾಕಲು ಯಾರಿಗೂ ಹೇಳಬೇಡಿ, ಬೇರೆಯಾಗಿ ಕಳಿಸಲಿ. ವಾಟ್ಸಾಪ್ ಗುಂಪಿನಲ್ಲಿ 1024 ಮಂದಿವರೆಗೆ ಇರಬಹುದು, ಅಷ್ಟೂ ಜನರಿಗೆ ಎಲ್ಲರ ನಂಬರ್ ಕಾಣುತ್ತದೆ. ನಮ್ಮ ಗುಂಪಿನಿಂದ ಇಬ್ಬರು ಹೆಂಗಸರು ಇದೇ ಕಾರಣಕ್ಕೆ ಹೊರಗೆ ಹೋದರು, ಅದು ಈಗಲೂ ನನಗೆ ನೋವಿನ ವಿಷಯ. ಅಂಥವರಿಗಾಗಿ ಒಂದು ವಾಟ್ಸಾಪ್ ಚಾನೆಲ್ ಮಾಡಿ, ಅದೇ ಟಿಪ್ಪಣಿಯನ್ನು ಅಲ್ಲೂ ಹಾಕಿ. ಚಾನೆಲ್‌ನಲ್ಲಿ ನೋಡುವವರ ನಂಬರ್ ಬೇರೆಯವರಿಗೆ ಕಾಣುವುದಿಲ್ಲ.

ಗುಂಪಿನ ಹೊರಗೂ ಒಂದು ಕಡೆ

ಫೋನ್ ಹಾಳಾದರೆ ಗುಂಪಿನ ಹಳೆಯದೆಲ್ಲ ಹೋಗಿಬಿಡಬಹುದು. ಒಂದು ಗೂಗಲ್ ಶೀಟ್ ಮಾಡಿ, ಪುಸ್ತಕಕ್ಕೆ ಒಂದು ಸಾಲು: ಹೆಸರು, ಲೇಖಕರು, ಭಾಷೆ, ಪ್ರಕಾಶಕರು, ವರ್ಷ, ಪುಟ, ಬೆಲೆ, ಈಗ ಯಾರ ಬಳಿ ಇದೆ. ನೋಡುವ ಅವಕಾಶ ಎಲ್ಲರಿಗೂ, ತಿದ್ದುವುದು ಇಬ್ಬರಿಗೆ ಮಾತ್ರ ಇರಲಿ. ಸಮಯ ಇದ್ದರೆ ಓಪನ್ ಲೈಬ್ರರಿ ಎಂಬ ಆನ್‌ಲೈನ್ ಪುಸ್ತಕಪಟ್ಟಿಯಲ್ಲೂ ಸೇರಿಸಿ. ಅಲ್ಲಿ ಖಾತೆ ಇದ್ದ ಯಾರು ಬೇಕಾದರೂ ಪುಸ್ತಕದ ವಿವರ ಹಾಕಬಹುದು. ನಮ್ಮ ಕಡೆಯ ತುಳು, ಬ್ಯಾರಿ ಪುಸ್ತಕಗಳನ್ನು ಹುಡುಕಿ ನೋಡಿ, ಸಿಗದ ಹೆಸರುಗಳನ್ನು ಸೇರಿಸುತ್ತಾ ಹೋಗಿ.

ಓದಿ ಮುಗಿದ ದಿನ

ಹೊಸ ಸಂದೇಶ ಬರೆಯಬೇಡಿ. ನಿಮ್ಮ ಹಳೆಯ ಟಿಪ್ಪಣಿಯನ್ನು ಹುಡುಕಿ, ಅದಕ್ಕೇ ಉತ್ತರವಾಗಿ ಬರೆಯಿರಿ. ಆಗ ಎರಡೂ ಒಟ್ಟಿಗೆ ಸಿಗುತ್ತವೆ. ಮೊದಲು ಬರೆದದ್ದು ತಪ್ಪಾಗಿದ್ದರೂ ಇಲ್ಲೇ ಹೇಳಬೇಕು, ಯಾಕೆಂದರೆ ಕಳಿಸಿದ 15 ನಿಮಿಷದ ನಂತರ ವಾಟ್ಸಾಪ್ ತಿದ್ದಲು ಬಿಡುವುದಿಲ್ಲ. ‘40 ಪುಟ ಓದಿದಾಗ ಇದು ಹಂಚಿನ ಕಾರ್ಖಾನೆಯ ಕತೆ ಎಂದಿದ್ದೆ. ಮುಗಿಸಿದ ಮೇಲೆ ಇದು ಅಕ್ಕ ತಂಗಿಯರ ಕತೆ ಅನ್ನಿಸಿತು. ಕೊನೆಯ ಎರಡು ಅಧ್ಯಾಯ ಸ್ವಲ್ಪ ಎಳೆದಿದ್ದಾರೆ. ಆದರೂ ಆ ತಂಗಿ ಮನಸ್ಸಿನಿಂದ ಹೋಗುತ್ತಿಲ್ಲ. ಪುಸ್ತಕ ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ಕಿನ್ನಿಗೋಳಿಗೆ ಹೋಗುತ್ತದೆ, ಆಮೇಲಿನ ಸರದಿ ಸುರತ್ಕಲ್‌ನವರದ್ದು.’